ಅಕ್ಕಿ ನೋಡುವ ಭಾನುವಾರಗಳು

ನಮ್ಮ ಮನೆಯಲ್ಲಿ ಬೈನಾಕ್ಯುಲರ್ ನೇತಾಡುವುದು ಅಡುಗೆಮನೆಯಲ್ಲಿ, ಟೀ ಸೋಸುವ ಜಾಲರಿಯ ಪಕ್ಕದ ಮೊಳೆಗೆ. ಮೊನ್ನೆ ಬಂದಿದ್ದ ನನ್ನ ತಂಗಿ ಅದನ್ನು ಕಂಡು, "ಇದೇನೇ, ಸಾರಲ್ಲಿ ಬೇಳೆ ಹುಡುಕೋಕಾ?" ಎಂದು ಕೇಳಿದಳು. ಸಾರಿನ ಮರ್ಯಾದೆ ಉಳಿಸಲು ನಾನು ಅದನ್ನು ಮೊಳೆಯಿಂದ ಇಳಿಸಿ ಸೆರಗಿನಿಂದ ಒರೆಸಿದೆ. ಆಯುಧಪೂಜೆಯ ದಿನ ನಮ್ಮತ್ತೆ ಮಿಕ್ಸಿ, ಸ್ಕೂಟರ್, ಇಸ್ತ್ರಿಪೆಟ್ಟಿಗೆಗಳ ಜೊತೆ ಇದಕ್ಕೂ ಕುಂಕುಮ ಇಟ್ಟಿದ್ದರು, ಅದೂ ನೇರವಾಗಿ ಗಾಜಿಗೆ. ಎಷ್ಟು ಒರೆಸಿದರೂ ಬಲಗಣ್ಣಿನ ಅಂಚಿನಲ್ಲಿ ಒಂದಿಷ್ಟು ಕೆಂಪು ಉಳಿದೇಬಿಟ್ಟಿದೆ. ಅದರಲ್ಲಿ ನೋಡಿದರೆ ಬೆಳ್ಳಕ್ಕಿಗಳೆಲ್ಲ ಈಗಷ್ಟೇ ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ ಬಂದ ಹಾಗೆ ಕಾಣುತ್ತವೆ.

ನಮ್ಮ ಮನೆಯವರ ಪರಿಚಯ ಮಾಡಿಕೊಡದಿದ್ದರೆ ಮುಂದಿನದು ನಿಮಗೆ ನಂಬಲು ಕಷ್ಟ. ನಾನು ಮಂಜು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ದಿನಕ್ಕೆ ಆರು ಪೀರಿಯಡ್ಡು "ಸೈಲೆನ್ಸ್!" ಎಂದು ಕಿರುಚಿ ಕಿರುಚಿ ಮೌನ ಎನ್ನುವುದು ಬೇರೆಯವರು ಮಾಡಬೇಕಾದ ಕೆಲಸ ಎಂದು ನಂಬಿಕೊಂಡವಳು. ನಮ್ಮೆಜಮಾನರು ಶ್ರೀನಿವಾಸ್, ಸಹಕಾರನಗರದಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ತಿರುಗುವ ಮೋಟರುಗಳ ನಡುವೆ ಮಾತಾಡಿ ಅಭ್ಯಾಸವಾಗಿ, ಅವರು ಕಿವಿಯಲ್ಲಿ ಹೇಳಿದ ಗುಟ್ಟು ಬ್ಯಾಟರಾಯನಪುರದ ನಮ್ಮ ಬೀದಿಗೆಲ್ಲ ಗೊತ್ತಾಗುತ್ತದೆ. ಅವರ ತಾಯಿ ಮುನಿತಾಯಮ್ಮ, ಅಂದರೆ ನಮ್ಮತ್ತೆ, ಎಪ್ಪತ್ತು ದಾಟಿದವರು. ಅವರು ಮಹಡಿಯಿಂದ ಸೊಪ್ಪಿನವನನ್ನು ಕರೆದರೆ ಮುಂದಿನ ಬೀದಿಯ ಸೊಪ್ಪಿನವನೂ ಬರುತ್ತಾನೆ. ಇಂಥ ಮನೆಯಲ್ಲಿ ಹನ್ನೊಂದು ವರ್ಷದ ಹಿಂದೆ ಸಿಂಚನ ಹುಟ್ಟಿದಳು. ಹುಟ್ಟಿದಾಗ ಅತ್ತಿದ್ದೇ ಅವಳು ಮಾಡಿದ ದೊಡ್ಡ ಸದ್ದು. ನಮ್ಮ ಮಗಳು ಮಾತು ಕಲಿತದ್ದು ತಡವಾಗಿ; ಬಹುಶಃ ಸರದಿಗಾಗಿ ಕಾಯುತ್ತಿದ್ದಳು.

ಶಾಲೆಯ ವಿಜ್ಞಾನದ ಟೀಚರ್ ಒಂದು ದಿನ ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗಿದ್ದೇ ನೆಪ. ಸಿಂಚನ ಒಂದು ನೋಟುಬುಕ್ಕು, ಹೊಳೆಯುವ ಎರಡು ಕಣ್ಣು ಹಿಡಿದು ಮನೆಗೆ ಬಂದಳು. ಊಟಕ್ಕೆ ಕೂತಾಗ, "ಈ ಭಾನುವಾರ ನಾವೆಲ್ಲ ಹಕ್ಕಿ ನೋಡೋಕೆ ಹೋಗೋಣ," ಎಂದಳು.

"ಅಕ್ಕಿ ನೋಡಕ್ಕಾ?" ಎಂದರು ನಮ್ಮತ್ತೆ.

ನಮ್ಮತ್ತೆಯ ಮಾತಿನಲ್ಲಿ ಹಕಾರಕ್ಕೆ ಜಾಗವಿಲ್ಲ. ಹಾಲು ಆಲು, ಹೂವು ಊವು, ಹಕ್ಕಿ ಅಕ್ಕಿ. ಇಷ್ಟು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಏಕೆಂದರೆ ಅಕ್ಕಿಯ ಮಾತು ನಮ್ಮ ಮನೆಯಲ್ಲಿ ದಿನಾ ಬರುತ್ತಿತ್ತು, ಹಕ್ಕಿಯ ಮಾತು ಬಂದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಅವರು ಕಾಂಪೌಂಡಿನ ಆಚೆಗಿದ್ದ ಪಕ್ಕದ ಮನೆ ಸರೋಜಮ್ಮನಿಗೆ ವರದಿ ಒಪ್ಪಿಸಿದರು.

"ಭಾನ್ವಾರ ನಾವು ಸಿಗಲ್ಲ ಕಣೇ ಸರೋಜಾ. ಎಲ್ಲಾರೂ ಯಲಹಂಕಕ್ಕೆ ಓಗಿ ಅಕ್ಕಿ ನೋಡ್ಕಂಡ್ ಬತ್ತೀವಿ."

"ಅಕ್ಕಿ ನೋಡೋಕೆ ನಾಲ್ಕು ಜನ ಯಾಕ್ರಮ್ಮ? ಚೆನ್ನಾಗಿದ್ರೆ ನಮಗೂ ಒಂದು ಮೂಟೆ ಹೇಳಿ. ಹಳೇದೇ ನೋಡಿ, ಹೊಸದು ಮುದ್ದೆ ಆಗ್ಬಿಡುತ್ತೆ."

"ಮೂಟೆ ಎಂಗೆ ಕಟ್ತೀಯೇ? ಅದು ಆರ್ತದೆ!"

"ಆರಲಿ ಬಿಡಿ. ಬಿಸಿ ಮಾಡ್ಕೊಂಡ್ರಾಯ್ತು."

ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ ನಾನು ಸೌಟು ಕೆಳಗಿಟ್ಟು ಗೋಡೆ ಹಿಡಿದುಕೊಂಡು ನಕ್ಕೆ. ಆ ದೋಸೆ ಸೀದು ಹೋಯಿತು.

ಶನಿವಾರ ಸಿಂಚನ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು. ಮಾಸಲು ಬಣ್ಣದ ಬಟ್ಟೆ ಹಾಕಬೇಕು. ಫೋನು ಸದ್ದು ಮಾಡಬಾರದು. ಮಾತಾಡಬಾರದು. ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಭಾನುವಾರ ಬೆಳಿಗ್ಗೆ ನಮ್ಮತ್ತೆ ರಾಣಿ ಬಣ್ಣದ ಸೀರೆಯಲ್ಲಿ ಹೊರಟು ನಿಂತರು.

"ಅಜ್ಜಿ! ಹಕ್ಕಿಗಳು ಹೆದರ್ಕೊಳ್ತವೆ!"

"ಮೊದಲ್ನೇ ಸಲ ಅವುಗಳ್ ಜಾಗಕ್ಕೆ ಓಗ್ತಾ ಇದೀವಿ. ಮಾಸಿದ್ ಸೀರೆ ಉಟ್ಕಂಡ್ ಓದ್ರೆ ಏನಂದ್ಕಂತವೆ?"

ನಾನೇನು ಕಡಿಮೆಯೇ? ನನ್ನ ತವರು ಗಂಗಾನಗರ. ವಠಾರದಲ್ಲಿ ಬೆಳೆದ ನನ್ನ ತಿಳಿವಳಿಕೆಯಲ್ಲಿ ಹಕ್ಕಿ ಎರಡೇ ಜಾತಿ: ಕಾಗೆ, ಕಾಗೆಯಲ್ಲದ್ದು. ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಹೆಬ್ಬಾಳದ ಕಡೆ ಸುತ್ತಾಡಿಸಲು ಕರೆದುಕೊಂಡು ಹೋದರೆ ನಾವು ಕೆರೆಗೆ ಬೆನ್ನು ಹಾಕಿ ಬಸ್ಸು ಎಣಿಸುತ್ತಿದ್ದೆವು. ಮನೆಯಿಂದ ಹೊರಗೆ ಹೋಗುವುದೆಂದರೆ ತಿನ್ನಲು ಕಟ್ಟಿಕೊಳ್ಳುವುದು ಎಂದೇ ಅರ್ಥ. ಆದ್ದರಿಂದ ಚಿತ್ರಾನ್ನ, ಮೊಸರನ್ನ, ಕೋಡುಬಳೆ, ಕೂರಲು ಚಾಪೆ, ನಾಲ್ಕು ಸ್ಟೀಲ್ ತಟ್ಟೆ, ಎಲ್ಲ ತುಂಬಿಕೊಂಡೆ. ಆ ತಟ್ಟೆಗಳು ಕಾರಿನ ಡಿಕ್ಕಿಯಲ್ಲಿ ದಾರಿಯುದ್ದಕ್ಕೂ ಜಾಗಟೆ ಬಾರಿಸಿಕೊಂಡು ಬಂದವು.

ಯಲಹಂಕದ ಪುಟ್ಟೇನಹಳ್ಳಿ ಕೆರೆ ಆ ಹೊತ್ತಿಗೆ ಹಾಲಿನ ಕೆನೆಯ ಹಾಗೆ ಅಲುಗದೆ ಮಲಗಿತ್ತು. ಮರಗಳ ತುಂಬ ಬಣ್ಣದ ಕೊಕ್ಕರೆ. ನೀರಿನ ಅಂಚಿನಲ್ಲಿ ನಾಮದ ಕೋಳಿಗಳು. ಸಿಂಚನ ಅಪ್ಪ ಕೊಡಿಸಿದ ಹೊಸ ಬೈನಾಕ್ಯುಲರ್ ಕಣ್ಣಿಗಿಟ್ಟು ಉಸಿರು ಬಿಗಿಹಿಡಿದಳು. ಒಂದು ಬೂದು ಬಣ್ಣದ ಬಕ ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತಿತ್ತು.

"ಸಿಂಚೂ, ಅದು ಒರಿಜಿನಲ್ಲಾ? ಸಿಮೆಂಟಿಂದಾ?" ಎಂದು ನಮ್ಮೆಜಮಾನರು ಪಿಸುಗುಟ್ಟಿದರು. ಅವರ ಪಿಸುಮಾತಿಗೆ ಬಕ ತಾನು ಒರಿಜಿನಲ್ ಎಂದು ತೋರಿಸಿ ಹಾರಿಹೋಯಿತು.

ಅಷ್ಟರಲ್ಲಿ ದಂಡೆಯ ಹುಲ್ಲಿನ ಮೇಲೆ ಪುಟ್ಟ ಪುಟ್ಟ ರಾಟವಾಳಗಳ ಹಿಂಡೊಂದು ಬಂದು ಇಳಿಯಿತು. ಹುಲ್ಲಿನ ತೆನೆಗಳನ್ನು ಬಗ್ಗಿಸಿ ಕಾಳು ಮುಕ್ಕತೊಡಗಿತು. ಆಗ ನನ್ನ ಪಕ್ಕದಿಂದ ಒಂದು ಕೂಗು ಎದ್ದಿತು.

"ಓಓಓಓ... ಯ್! ಓ! ಓ! ಓಯ್!"

ನಮ್ಮತ್ತೆ ಎರಡೂ ಕೈ ಎತ್ತಿ ನಿಂತಿದ್ದರು. ರಾಟವಾಳಗಳು ಹೋದವು. ನಾಮದ ಕೋಳಿಗಳು ನೀರಿನ ಮೇಲೆ ಓಡಿದವು. ಕೊಕ್ಕರೆಗಳು ಮರವನ್ನೇ ಕಳಚಿಟ್ಟ ಹಾಗೆ ಎದ್ದವು. ಪರಿಸ್ಥಿತಿ ಹತೋಟಿಗೆ ತರಲು ನಾನು ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ. "ಸೈಲೆನ್ಸ್!" ಎಂದು ಅರಚಿದೆ. ಉಳಿದಿದ್ದವೂ ಹಾರಿದವು. ದೂರದ ಕಲ್ಲುಬೆಂಚಿನ ಮೇಲೆ ಹರಟುತ್ತಿದ್ದ ಇಬ್ಬರು ನಡುವಯಸ್ಸಿನ ಗಂಡಸರು ಎದ್ದು ನಿಂತು ಕೈಕಟ್ಟಿಕೊಂಡರು.

ಆಮೇಲೆ ನಮ್ಮೆದುರಿನ ಪೊದೆಯೂ ಎದ್ದು ನಿಂತಿತು. ಅದು ಪೊದೆಯಲ್ಲ, ಎಲೆಬಣ್ಣದ ಬಟ್ಟೆ ತೊಟ್ಟು, ಮೊಳದುದ್ದದ ಕ್ಯಾಮೆರಾ ಹಿಡಿದಿದ್ದ ಒಬ್ಬ ಮನುಷ್ಯ.

"ಅಮ್ಮಾ, ಎರಡು ಗಂಟೆಯಿಂದ ಕಾಯ್ತಾ ಇದ್ದೆ," ಎಂದರು ಅವರು, ಅಳುವ ದನಿಯಲ್ಲಿ.

"ಎಲ್ಡ್ ಗಂಟೆಯಿಂದಾನಾ? ಅಯ್ಯೋ ನನ್ ಮಗನೇ, ತಿಂಡಿ ತಿಂದ್ಯೋ ಇಲ್ವೋ?" ಎಂದರು ನಮ್ಮತ್ತೆ.

ಅವರು ಎರಡು ತಟ್ಟೆ ಚಿತ್ರಾನ್ನ ತಿಂದರು, ಕೋಡುಬಳೆಗೆ ಏನೇನು ಹಾಕಿದ್ದೀರಿ ಎಂದೂ ಕೇಳಿದರು. ಸಿಂಚನ ಮಾತ್ರ ಕಾರಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಹೋಗಿ ಇಣುಕಿದೆ. 'ನೋಡಿದ ಹಕ್ಕಿಗಳು: ಒಂಬತ್ತು ಜಾತಿ. ನೋಡಲು ಸಿಕ್ಕ ಸಮಯ: ನಾಲ್ಕು ನಿಮಿಷ. ಕಾರಣ: ಕುಟುಂಬ.'

ಅತ್ತೆಯನ್ನು ಬೈಯಬೇಡಿ. ಅವರ ತವರು ಯಲಹಂಕದ ಆಚೆಯ ಒಂದು ಹಳ್ಳಿ. ಏಳನೇ ವಯಸ್ಸಿನಿಂದ ಮದುವೆಯಾಗುವವರೆಗೂ ಅವರ ಕೆಲಸ ಜೋಳದ ಹೊಲದ ನಡುವಿನ ಅಟ್ಟಣೆ ಹತ್ತಿ ಕೂತು ಹಕ್ಕಿ ಓಡಿಸುವುದು. ಬೆಳಕು ಹರಿಯುವ ಮೊದಲೇ ಹತ್ತಬೇಕು. ಕೈಯಲ್ಲಿ ಕವಣೆ, ಪಕ್ಕದಲ್ಲಿ ತಗಡಿನ ಡಬ್ಬ, ಎಲ್ಲಕ್ಕಿಂತ ಮುಖ್ಯವಾಗಿ ಗಂಟಲು. ಮೂರು ಹೊಲದಾಚೆಯವರೂ ತಮ್ಮ ಹಕ್ಕಿ ಓಡಿಸಲು ಅವರ ಗಂಟಲನ್ನೇ ನೆಚ್ಚಿಕೊಂಡಿದ್ದರಂತೆ. ಅಂಥವರ ಕಣ್ಣೆದುರು ಹಕ್ಕಿಯೊಂದು ತೆನೆಗೆ ಬಾಯಿ ಹಾಕಿದರೆ ಅವರೇನು ಮಾಡಿಯಾರು? ಬಾಯಿ ತಾನೇ ತೆರೆದುಕೊಳ್ಳುತ್ತದೆ.

ಮುಂದಿನ ಭಾನುವಾರಗಳೂ ಹೀಗೇ ಕಳೆದವು. ಹೆಬ್ಬಾಳದಲ್ಲಿ ಒಂದು ಹೆಜ್ಜಾರ್ಲೆ ಕೈಗೆಟುಕುವಷ್ಟು ಹತ್ತಿರ ತೇಲಿಬಂದಾಗ ನಮ್ಮೆಜಮಾನರ ಜೇಬಿನಿಂದ ನಾದಸ್ವರ ಮೊಳಗಿತು, ಯಾರದೋ ಮೋಟರು ಸುಟ್ಟಿತ್ತು. ಜಕ್ಕೂರಿನಲ್ಲಿ ನನಗೆ ಹಳೆಯ ಸಹೋದ್ಯೋಗಿ ಸಿಕ್ಕಳು. ಎಂಟು ವರ್ಷದ ಸುದ್ದಿ ಬಾಕಿಯಿತ್ತು, ನಾನೇನು ಮಾಡಲಿ? ನಮಗಂತೂ ಮಜವೋ ಮಜ. ವಾರವಿಡೀ ಭಾನುವಾರಕ್ಕೆ ಕಾಯುತ್ತಿದ್ದೆವು. ಸಿಂಚನಳ ಮುಖ ವಾರದಿಂದ ವಾರಕ್ಕೆ ಚಿಕ್ಕದಾಗುತ್ತಿದ್ದದ್ದು ಆ ಸಂಭ್ರಮದಲ್ಲಿ ನಮಗೆ ಕಾಣಲಿಲ್ಲ.

ಒಂದು ಗುರುವಾರ ಸಂಜೆ ಅವಳು ನನ್ನ ಹತ್ತಿರ ಬಂದು ನಿಂತಳು.

"ಅಮ್ಮಾ, ಇನ್ಮೇಲೆ ನಾನು ಟೀಚರ್ ಜೊತೆ ಹೋಗ್ತೀನಿ. ಅವರ ಗುಂಪಲ್ಲಿ ಯಾರೂ ಮಾತಾಡಲ್ಲ."

"ನಾವೂ ಬರ್ತೀವಿ ಪುಟ್ಟಾ."

"ಬೇಡಮ್ಮಾ." ಕಣ್ಣು ತುಂಬಿಕೊಂಡಿದ್ದವು. "ನಾನು ಯೆಲ್ಲೋ ಬಿಟರ್ನ್ ನೋಡ್ಬೇಕು. ಅದು ಜೊಂಡಿನೊಳಗೆ ಇರುತ್ತೆ, ಒಂಚೂರು ಸದ್ದಾದ್ರೂ ಕಾಣಿಸಲ್ಲ. ಅಜ್ಜಿ ಬಂದ್ರೆ ನನಗೆ ಯಾವತ್ತೂ ಸಿಗಲ್ಲ."

ಹೊಸ್ತಿಲ ಬಳಿ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸುಲಿಯುವ ಕೈ ನಿಂತಿತು. ಮೊರ ಎತ್ತಿಕೊಂಡು ಒಳಗೆ ಹೋದರು.

ಮರುದಿನದಿಂದ ನಮ್ಮ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳತೊಡಗಿತು. ಅದಕ್ಕೆ ಸದ್ದಿದೆ ಎಂದು ಗೊತ್ತಾದದ್ದೇ ಆಗ. ಅತ್ತೆ ಮಹಡಿಯಿಂದ ಸೊಪ್ಪಿನವನನ್ನು ಕೂಗಲಿಲ್ಲ, ಮೆಟ್ಟಿಲಿಳಿದು ಗೇಟಿನ ಬಳಿ ಕಾದು ನಿಂತರು. ಮೊಮ್ಮಗಳನ್ನು "ಕೂಸೇ!" ಎಂದು ಬೀದಿಯ ತುದಿಯಿಂದ ಕರೆಯುವುದನ್ನೂ ಬಿಟ್ಟರು. ಸರೋಜಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಂಗೆ ಮೈ ಹುಷಾರಿಲ್ವಾ?" ಎಂದು ಕೇಳಿದರು. ಸಿಂಚನ ಎರಡು ಭಾನುವಾರ ಟೀಚರ್ ಜೊತೆ ಹೋಗಿ ಬಂದಳು. ಬಿಟರ್ನ್ ಸಿಕ್ಕಲಿಲ್ಲವಂತೆ. ಅಜ್ಜಿಯ ಕೋಣೆಯ ಮುಂದೆ ಸುಳಿದಾಡುವಳು, ಒಳಗೆ ಹೋಗಲಾರಳು. ಇಷ್ಟು ದಿನ ಈ ಮನೆಯಲ್ಲಿ ಯಾರಾದರೂ ಸುಮ್ಮನಿದ್ದರೆ ಸಾಕು ಎಂದು ಅವಳು ಕಾದಿದ್ದಳು. ಈಗ ಎಲ್ಲರೂ ಸುಮ್ಮನಿದ್ದರು, ಅವಳಿಗೆ ಅದನ್ನು ತಡೆಯಲಾಗುತ್ತಿರಲಿಲ್ಲ.

ಈ ನಡುವೆ ಇನ್ನೊಂದು ವಿಚಿತ್ರ ಶುರುವಾಯಿತು. ಅತ್ತೆ ಬೆಳಿಗ್ಗೆ ಆರಕ್ಕೆ ಮೊದಲೇ ಎದ್ದು ಹೊರಗೆ ಹೋಗುತ್ತಿದ್ದರು. ಕೇಳಿದರೆ, "ವಾಕಿಂಗು." ಕೆಲಸವಿಲ್ಲದೆ ನಡೆಯುವವರನ್ನು ಕಂಡರೆ "ಇವ್ರಿಗೇನ್ ಮನೇಲಿ ಕೆಲ್ಸ ಇಲ್ವಾ" ಎನ್ನುತ್ತಿದ್ದವರು ಅವರು. ನನಗೆ ಅನುಮಾನ ಬಂತು. ಒಂದು ಬೆಳಿಗ್ಗೆ ಹಿಂದೆಯೇ ಹೊರಟೆ. ಸೊಸೆಯಾದವಳು ಅತ್ತೆಯನ್ನು ಹಿಂಬಾಲಿಸುವುದು ಚೆನ್ನಾಗಿರುವುದಿಲ್ಲ ಎಂದು ಗೊತ್ತಿತ್ತು. ಆದರೂ ಒಂದು ವಿದ್ಯುತ್ ಕಂಬದಿಂದ ಇನ್ನೊಂದಕ್ಕೆ ಓಡಿ, ಹಾಲಿನ ಬೂತಿನ ಹಿಂದೆ ಅಡಗಿ, ಒಂದು ನಾಯಿಯ ಬಾಲ ತುಳಿದು ಅಮೃತಹಳ್ಳಿ ಕೆರೆಯವರೆಗೆ ಹೋದೆ.

ಅತ್ತೆ ಜೊಂಡು ಬೆಳೆದ ಮೂಲೆಯಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದರು. ಮಾಸಲು ಹಸಿರು ಸೀರೆ. ಎರಡೂ ಕೆನ್ನೆ ಊದಿಕೊಂಡಿದ್ದವು. ಹಲ್ಲುನೋವೇನೋ ಎಂದು ಗಾಬರಿಯಾಗಿ ಹತ್ತಿರ ಹೋದೆ. ನನ್ನನ್ನು ಕಂಡವರೇ ತುಟಿಯ ಮೇಲೆ ಬೆರಳಿಟ್ಟರು. ನಮ್ಮತ್ತೆ ತುಟಿಯ ಮೇಲೆ ಬೆರಳಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈಹಿಡಿದು ಎಳೆದು ಕೂರಿಸಿಕೊಂಡರು. ಕೆನ್ನೆಯಲ್ಲಿದ್ದದ್ದು ಎಲೆಅಡಿಕೆ.

"ಇಷ್ಟೊಂದಾ?" ಎಂದೆ.

ಅವರು ಒಂದು ಕೆನ್ನೆಯದನ್ನು ಇನ್ನೊಂದಕ್ಕೆ ಸರಿಸಿ ಪಿಸುಗುಟ್ಟಿದರು. ಕುಕ್ಕರಿನ ಗ್ಯಾಸ್ಕೆಟ್ ಹೋದಾಗ ಬರುವ ಸದ್ದು. "ಬಾಯ್ ತುಂಬಿದ್ರೆ ಕೂಗಕ್ಕಾಗಲ್ವಲ್ಲ. ಅಲ್ ನೋಡು."

ನೋಡಿದೆ. ಜೊಂಡು ಕಂಡಿತು. ಇನ್ನೂ ನೋಡಿದೆ. ಮತ್ತೂ ಜೊಂಡು. ನಾಲ್ಕನೇ ಸಲ ನೋಡಿದಾಗ ಒಂದು ಜೊಂಡಿಗೆ ಕಣ್ಣಿತ್ತು.

ಒಣಹುಲ್ಲಿನ ಬಣ್ಣದ ಪುಟ್ಟ ಬಕದಂಥ ಹಕ್ಕಿ. ಕೊಕ್ಕನ್ನು ಆಕಾಶಕ್ಕೆ ಎತ್ತಿ, ಕತ್ತನ್ನು ಉದ್ದಕ್ಕೆ ಹಿಗ್ಗಿಸಿ, ತಾನೂ ಒಂದು ಜೊಂಡೇ ಎಂದು ಲೋಕವನ್ನು ನಂಬಿಸಿ ನಿಂತಿತ್ತು.

"ಒಂಬತ್ ದಿನದಿಂದ ಬತ್ತಾ ಇದೀನಿ. ದಿನಾ ಇಲ್ಲೇ ಇರ್ತದೆ. ಕೂಸು ಯೋಳ್ತಿತ್ತಲ್ಲ, ಇದೇ ಅಲ್ವಾ?"

"ಇದೇ ಅತ್ತೆ, ಅವಳ ನೋಟುಬುಕ್ಕಲ್ಲಿ ಇದರ ಚಿತ್ರ ಇದೆ! ಅವಳನ್ನ ಕರ್ಕೊಂಡು ಬರೋಣ."

"ಬ್ಯಾಡ. ನನ್ ಬಾಯ್ ಮ್ಯಾಲೆ ನಂಗಿನ್ನೂ ನಂಬ್ಕೆ ಬಂದಿಲ್ಲ. ಅವಳು ಬಂದಾಗ್ಲೇ ಕೂಗ್ಬಿಟ್ರೆ?" ಜೊಂಡಿನಿಂದ ಕಣ್ಣು ತೆಗೆಯದೆ ಮತ್ತೆ ಹೇಳಿದರು. "ಮಂಜೂ, ಎಂಟ್ ವರ್ಸ ಅಕ್ಕಿ ಓಡ್ಸಿದೀನಿ. ಒಂದರ್ ಮಕಾನೂ ನೋಡಿರ್ಲಿಲ್ಲ ಕಣಮ್ಮಿ. ನೋಡಿದ್ದೆಲ್ಲ ಬರೀ ಬೆನ್ನು. ಇದ್ರ ಕಣ್ಣು ನೋಡು, ಅರಿಶಿನದ್ ಬೊಟ್ಟು ಇಟ್ಟಂಗದೆ."

ಯಾರಿಗೂ ಹೇಳುವುದಿಲ್ಲ ಎಂದು ಅವರ ಕೈಮುಟ್ಟಿ ಮಾತು ಕೊಟ್ಟೆ. ಮನೆ ತಲುಪಿ, ಚಪ್ಪಲಿ ಬಿಟ್ಟು, ಹಲ್ಲುಜ್ಜುತ್ತಿದ್ದ ಸಿಂಚನಳ ಬಳಿ ಹೋಗುವವರೆಗೂ ಆ ಮಾತನ್ನು ಉಳಿಸಿಕೊಂಡೆ. ನನ್ನ ಮಟ್ಟಿಗೆ ಅದು ದಾಖಲೆ.

ಸಿಂಚನ ಬಾಯಿತುಂಬ ನೊರೆಯಿಟ್ಟುಕೊಂಡೇ ಕೇಳಿದಳು. ನಾನು ಬಿಟರ್ನ್ ವರ್ಣಿಸುತ್ತಿದ್ದರೆ ಅವಳು ಕೇಳಿದ್ದು ಬೇರೆ. "ಅಜ್ಜಿ ಒಂಬತ್ತು ದಿನ ಒಬ್ಬರೇ ಹೋಗಿದ್ರಾ?" ನೊರೆಯ ಮೇಲೆ ಕಣ್ಣೀರು ಇಳಿಯಿತು.

ಮರುದಿನ ಶನಿವಾರ. ಅತ್ತೆ ಹೊರಟು ಹತ್ತು ನಿಮಿಷಕ್ಕೆ ನಾವಿಬ್ಬರೂ ಹೊರಟೆವು. ಕೆರೆ ಮುಟ್ಟಿದ ಮೇಲೆ ಸಿಂಚನ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ನಾನೂ ಬಿಚ್ಚಿದೆ. ಅತ್ತೆ ಬೆನ್ನು ಹಾಕಿ ಕೂತಿದ್ದರು. ಸಿಂಚನ ಹೋಗಿ ಅವರ ಪಕ್ಕದಲ್ಲಿ ಕೂತು ತೋಳಿಗೆ ತಲೆ ಆನಿಸಿದಳು. ಅತ್ತೆ ಬೆಚ್ಚಿಬಿದ್ದರು, ಕೆನ್ನೆಯೊಳಗೆ ಏನೋ ಒಂದು ಕೂಗು ಹೊರಟು ಎಲೆಅಡಿಕೆಗೆ ಡಿಕ್ಕಿ ಹೊಡೆದು ಅಲ್ಲೇ ನಿಂತಿತು. ಆಮೇಲೆ ಸೆರಗಿನ ಒಳಗೆ ಮೊಮ್ಮಗಳನ್ನು ಎಳೆದುಕೊಂಡು, ಜೊಂಡಿನ ಕಡೆ ಬೆರಳು ತೋರಿಸಿದರು.

ಅಲ್ಲಿತ್ತು.

ನಾವು ಮೂವರೂ ಕೂತೆವು. ಮೊದಲಿಗೆ ನನಗೆ ಮೈಯೆಲ್ಲ ತುರಿಸಿತು. ಹಿಂದೆಂದೂ ತುರಿಸದ ಜಾಗಗಳೆಲ್ಲ ತುರಿಸಿದವು. ಹೇಳಲೇಬೇಕಾದ ಹನ್ನೆರಡು ಸಂಗತಿ ನೆನಪಾದವು, ಒಲೆಯ ಮೇಲೆ ಏನನ್ನೋ ಬಿಟ್ಟು ಬಂದೆನೆಂದು ಖಾತ್ರಿಯಾಯಿತು. ತುಟಿ ಕಚ್ಚಿಕೊಂಡೆ. ಬರಬರುತ್ತಾ ಆ ಹನ್ನೆರಡರಲ್ಲಿ ಒಂದೊಂದೇ ಕರಗಿತು. ನನ್ನ ತಲೆಯೊಳಗೆ ಹಗಲೂ ಇರುಳೂ ನಡೆಯುವ ಒಂದು ತರಗತಿ ಇದೆ, ಎಲ್ಲರೂ ಒಟ್ಟಿಗೆ ಮಾತಾಡುವ ತರಗತಿ. ಅದನ್ನು ಯಾರೋ ಬೆಲ್ ಹೊಡೆಯದೆಯೇ ಮನೆಗೆ ಕಳಿಸಿದ ಹಾಗಾಯಿತು. ನೀರಿಗೆ ಒಂದು ಎಲೆ ಬಿದ್ದದ್ದು ಕೇಳಿಸಿತು. ಆಚೆ ಬಳ್ಳಾರಿ ರಸ್ತೆಯ ಗದ್ದಲ ಇದ್ದೇ ಇತ್ತು, ಆದರೆ ಅದು ಬೇರೆ ಯಾರದೋ ಮನೆಯ ಟೀವಿಯ ಹಾಗೆ ಕೇಳುತ್ತಿತ್ತು. ಹಕ್ಕಿ ನಿಧಾನವಾಗಿ ಕತ್ತು ಇಳಿಸಿತು. ಒಂದು ಕಾಲು ಎತ್ತಿತು. ಎತ್ತಿದ್ದು ಮರೆತುಹೋಯಿತೇನೋ ಎನ್ನುವಷ್ಟು ಹೊತ್ತಾದ ಮೇಲೆ ಮುಂದಿಟ್ಟಿತು.

ಆಗ ಏರಿಯ ಮೇಲೆ ಧಡಧಡ ಹೆಜ್ಜೆ. ನಿದ್ದೆಯಿಂದ ಎದ್ದು ನೋಡಿದರೆ ಮನೆಯಲ್ಲಿ ಹೆಂಡತಿಯಿಲ್ಲ, ತಾಯಿಯಿಲ್ಲ, ಮಗಳಿಲ್ಲ ಎಂದು ಗಾಬರಿಯಾದ ನಮ್ಮೆಜಮಾನರು, ಹಾಲಿನ ಬೂತಿನವನನ್ನು ಕೇಳಿಕೊಂಡು ಲುಂಗಿಯಲ್ಲೇ ಓಡಿಬರುತ್ತಿದ್ದರು. ನಮ್ಮನ್ನು ಕಂಡು ಬಾಯಿ ಅಗಲಕ್ಕೆ ತೆರೆದರು. ನಾವು ಮೂವರೂ ಒಟ್ಟಿಗೆ ತಿರುಗಿ ತುಟಿಯ ಮೇಲೆ ಬೆರಳಿಟ್ಟೆವು. ಅವರು ತೆರೆದ ಬಾಯಿ ತೆರೆದ ಹಾಗೇ, ಕತ್ತು ಮೇಲೆತ್ತಿ, ನಿಂತಲ್ಲೇ ನಿಂತರು. ಥೇಟ್ ಬಿಟರ್ನ್.

ಮೊದಲು ಅಲುಗಿದ್ದು ಸಿಂಚನಳ ಭುಜ. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ಅದು ಅತ್ತೆಗೆ ಹರಡಿತು, ಅವರಿಂದ ನನಗೆ. ಸದ್ದಿಲ್ಲದೆ ನಗುವುದು ಎಷ್ಟು ಕಷ್ಟದ ಕೆಲಸ ಎಂದು ನಿಮಗೆ ಗೊತ್ತೇ? ಹೊಟ್ಟೆ ಹಿಡಿದುಕೊಂಡೆವು, ಒಬ್ಬರ ಭುಜಕ್ಕೆ ಒಬ್ಬರು ಮುಖ ಒತ್ತಿಕೊಂಡೆವು. ಅತ್ತೆಯ ಕಣ್ಣಲ್ಲಿ ನೀರು ಧಾರೆಧಾರೆ. ನಮ್ಮೆಜಮಾನರು ಅರ್ಥವಾಗದೆಯೇ ನಗುತ್ತಾ, ಕಳ್ಳಹೆಜ್ಜೆಯಲ್ಲಿ ಬಂದು ಕೂತರು. ಅವರ ಮಂಡಿ ಲಟಕ್ಕೆಂದಿತು. ಹಕ್ಕಿ ಅರೆಕ್ಷಣ ಇತ್ತ ನೋಡಿತು. ಆಮೇಲೆ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೀರಿಗೆ ಕೊಕ್ಕು ಹಾಕಿ, ಹೊಳೆಯುವ ಒಂದು ಮೀನನ್ನು ಎತ್ತಿ ನುಂಗಿ, ಜೊಂಡಿನೊಳಗೆ ನಡೆದುಹೋಯಿತು. ಹಾರಲಿಲ್ಲ, ನಡೆದೇ ಹೋಯಿತು.

ನಾವು ಆಮೇಲೂ ಏಳಲಿಲ್ಲ. ಬಿಸಿಲು ಅತ್ತೆಯ ಪಾದದವರೆಗೆ ಬಂದಾಗ ಸಿಂಚನ ಅವರ ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು.

"ಅಜ್ಜಿ, ನಾಳೆ ಎಷ್ಟು ಗಂಟೆಗೆ?"

ಈಗ ಮಾತಾಡಿದರೆ ಯಾವ ಹಕ್ಕಿಗೂ ತೊಂದರೆಯಿರಲಿಲ್ಲ. ಆದರೂ ಅತ್ತೆ ಬಾಯಿ ತೆರೆಯಲಿಲ್ಲ. ಒಂದು ಕೈಯ ಐದು ಬೆರಳನ್ನೂ ಅಗಲಿಸಿ ತೋರಿಸಿದರು. ಆಮೇಲೆ ಇನ್ನೊಂದು ಕೈಯೆತ್ತಿ, ಅದರ ತೋರುಬೆರಳನ್ನು ಬಹಳ ಜಾಗ್ರತೆಯಿಂದ ಅರ್ಧಕ್ಕೆ ಮಡಿಸಿದರು.